ಕಣಜ ಮತ್ತು ಖಡ್ಗ: ರಾಕೆಟ್ಟನ್ನು ಕುರಿತು ಮುಗದದಲ್ಲಿ ನಡೆದ ಒಂದು ಸಂವಾದ

ಹಾರುವುದಕ್ಕೆಂದು ರೂಪಗೊಳ್ಳದ ವಸ್ತುವೊಂದಕ್ಕೆ ದೊಡ್ಡ ಮೋಟಾರನ್ನು ಜೋಡಿಸಿ ಆಕಾಶಕ್ಕೆ ಏರಿಸುವ, ಅನಂತರ ಪ್ಯಾರಾಚೂಟಿನ ನೆರವಿನಿಂದ ಅದನ್ನು ಮುರಿಯದಂತೆ ನೆಲಕ್ಕೆ ಇಳಿಸುವ ಕೆಲಸವು ಅಮೆರಿಕದಲ್ಲಿ ಹವ್ಯಾಸವಾಗಿ ಮೊದಲಾಗಿ ಇಂದು ತನ್ನದೇ ನಿಯಮಗಳುಳ್ಳ ಶಿಸ್ತಾಗಿ ಬೆಳೆದಿದೆ. ಮೋಟಾರಿನ ಸರಾಸರಿ ನೂಕುಬಲವನ್ನು ಅದು ಉರಿಯುವ ಕಾಲದಿಂದ ಗುಣಿಸಿದಾಗ ಬರುವ ಮೊತ್ತಕ್ಕೆ ಒಟ್ಟು ಆವೇಗವೆಂದು ಹೆಸರು. ಈ ಮೊತ್ತ 160 ನ್ಯೂಟನ್-ಸೆಕೆಂಡನ್ನು ಮೀರಿದರೆ ಆ ಮೋಟಾರು ಅಧಿಕಶಕ್ತಿಯ ವರ್ಗಕ್ಕೆ ಸೇರುತ್ತದೆ, ಮತ್ತು ಅದನ್ನು ಹಾರಿಸುವವರು ಹವ್ಯಾಸಿ ಸಂಘಗಳಿಂದ ಹಂತಹಂತವಾಗಿ ಅರ್ಹತೆ ಪಡೆದಿರಬೇಕಾಗುತ್ತದೆ. ಈ ವರ್ಗಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರಿದ್ದು, ಒಂದೊಂದು ಅಕ್ಷರ ಮುಂದಕ್ಕೆ ಹೋದಂತೆ ಗರಿಷ್ಠ ಮಿತಿ ಎರಡರಷ್ಟಾಗುತ್ತದೆ. ಎಚ್ ಅಕ್ಷರದಿಂದ ಅಧಿಕಶಕ್ತಿ ಆರಂಭವಾದರೆ, ಎಂ ಅಕ್ಷರವು 5,120ರಿಂದ 10,240 ನ್ಯೂಟನ್-ಸೆಕೆಂಡಿನವರೆಗಿನ ಮೋಟಾರುಗಳನ್ನು ಸೂಚಿಸುತ್ತದೆ.

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುಹಾದಿಯಲ್ಲಿ ಸಿಗುವ ಮುಗದವು ಬೆಳವಲ ಮುಗಿದು ಮಲೆನಾಡು ಮೊದಲಾಗುವ ಅಂಚಿನ ಊರು. ಇಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ, ಮತ್ತು ಸುತ್ತಲ ಹೊಲಗಳಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯಿದೆ. ಕೆಳಗಿನ ಸಂವಾದವು ಈ ಊರಿನ ವಸ್ತುವೊಂದನ್ನು, ಅಂದರೆ ಭತ್ತ ತುಂಬುವ ಬಿದಿರಿನ ಕಣಜವನ್ನು, ರಾಕೆಟ್ಟಾಗಿಸುವ ಲೆಕ್ಕಾಚಾರದ ಸುತ್ತ ಬೆಳೆದಿದೆ. ಮಾತಾಡುವವರಲ್ಲಿ ಒಬ್ಬರು ಇತಿಹಾಸ ಕಲಿಸುವ ಅಧ್ಯಾಪಕಿ, ಇನ್ನೊಬ್ಬರು ಯಂತ್ರವಿನ್ಯಾಸದಲ್ಲಿ ದುಡಿದ ಎಂಜಿನಿಯರ್.

ಅಧ್ಯಾಪಕಿ: ರಾಕೆಟ್ ಎಂದರೆ ಚೂಪುಮೂತಿಯ ತೆಳ್ಳನೆಯ ಕೊಳವೆ ಎಂಬುದು ಎಲ್ಲರ ಕಣ್ಣಿಗೆ ಕಟ್ಟಿರುವ ಚಿತ್ರ. ಕಣಜವಾದರೋ ಬಿದಿರಿನ ಸೀಳುಗಳಿಂದ ಹೆಣೆದು, ಸೆಗಣಿ ಬಳಿದು, ಮನೆಯ ಮೂಲೆಯಲ್ಲಿ ನಿಲ್ಲಿಸುವ ಎದೆಯೆತ್ತರದ ಡೊಳ್ಳುಹೊಟ್ಟೆಯ ಪಾತ್ರೆ. ಅದನ್ನು ಹಾರಿಸುವುದರಿಂದ ತಿಳಿಯುವುದೇನು, ಸರ್? ಕೇವಲ ಬೆರಗಿಗಾಗಿ ಆದರೆ ಅಷ್ಟು ಮದ್ದನ್ನು ಉರಿಸುವುದು ವ್ಯರ್ಥವಲ್ಲವೇ?

ಎಂಜಿನಿಯರ್: ಬೆರಗೂ ಬೇಕು, ಮೇಡಂ, ಆದರೆ ಅದಕ್ಕಿಂತ ದೊಡ್ಡ ಕಾರಣವಿದೆ. 2009ರ ಏಪ್ರಿಲ್ 25ರಂದು ಅಮೆರಿಕದ ಮೇರಿಲ್ಯಾಂಡಿನಲ್ಲಿ ಹವ್ಯಾಸಿಗಳು ಸ್ಯಾಟರ್ನ್ 5 ರಾಕೆಟ್ಟಿನ ಹತ್ತನೆಯ ಒಂದು ಪಾಲಿನ ಪ್ರತಿಕೃತಿಯನ್ನು ಹಾರಿಸಿದರು. ಅದರ ಎತ್ತರ ಸುಮಾರು 11 ಮೀಟರ್, ತೂಕ ಸುಮಾರು 750 ಕಿಲೊ, ಏರಿದ್ದು 1,300 ಮೀಟರಿಗೂ ಮೇಲೆ. ಆ ಸಾಧನೆ ದೊಡ್ಡದು, ಆದರೆ ಆ ಆಕಾರ ಹಾರಬಲ್ಲದೆಂಬುದು ಚಂದ್ರಯಾತ್ರೆಯ ಕಾಲದಲ್ಲೇ ಸಿದ್ಧವಾಗಿತ್ತು. ಅದೇ ದೇಶದ ಮಿಶಿಗನ್ ರಾಜ್ಯದಲ್ಲಿ 2014ರಲ್ಲಿ ಬಯಲಿನಲ್ಲಿಡುವ ಪ್ಲಾಸ್ಟಿಕ್ ಶೌಚಾಲಯದ ಗೂಡನ್ನೇ ಹವ್ಯಾಸಿಗಳು ಹಾರಿಸಿದಾಗ ಅವರಿಗೆ ಅಂಥ ಸಿದ್ಧ ಮಾದರಿಯ ಆಸರೆ ಇರಲಿಲ್ಲ. ಚೌಕಾಕಾರದ ಪೆಟ್ಟಿಗೆಯ ಭಾರ ಎಲ್ಲಿ ನಿಲ್ಲುತ್ತದೆ, ಗಾಳಿ ಅದನ್ನು ಎಲ್ಲಿ ಒತ್ತುತ್ತದೆ ಎಂಬುದನ್ನು ಮೊದಲಿಂದ ಕಂಡುಕೊಳ್ಳಬೇಕಾಯಿತು. ಹೊಸ ವಸ್ತುವನ್ನು ಹಾರಿಸಲು ಹೊರಟವರು ಆ ವಸ್ತುವನ್ನು ಅದರ ದಿನಬಳಕೆಯವರಿಗಿಂತ ಹೆಚ್ಚು ಆಳವಾಗಿ ಅರಿಯಬೇಕಾಗುತ್ತದೆ, ಮತ್ತು ಕಣಜವನ್ನು ಹಾಗೆ ಅರಿಯುವ ಆಸೆಯೇ ಈ ಯೋಜನೆಯ ಮೂಲ.

ಅಧ್ಯಾಪಕಿ: ಭಾರ ನಿಲ್ಲುವ ಸ್ಥಳ, ಗಾಳಿ ಒತ್ತುವ ಸ್ಥಳ ಎಂಬ ಎರಡು ಮಾತುಗಳನ್ನು ಇನ್ನಷ್ಟು ಬಿಡಿಸಿ ಹೇಳಬೇಕು.

ಎಂಜಿನಿಯರ್: ಒಂದು ವಸ್ತುವನ್ನು ಹಗ್ಗದಿಂದ ತೂಗುಹಾಕಿದಾಗ ಎರಡೂ ಕಡೆ ಸಮನಾಗಿ ನಿಲ್ಲುವ ಬಿಂದುವೇ ಗುರುತ್ವ ಕೇಂದ್ರ, ಹಾರುವ ವಸ್ತು ತಿರುಗಿದರೆ ಈ ಬಿಂದುವಿನ ಸುತ್ತಲೇ ತಿರುಗುತ್ತದೆ. ವಸ್ತು ಸ್ವಲ್ಪ ಓರೆಯಾದಾಗ ಅದರ ಮೈಮೇಲೆಲ್ಲ ಬೀಳುವ ಗಾಳಿಯ ಒತ್ತಡವನ್ನು ಒಂದೇ ಬಿಂದುವಿಗೆ ಕೂಡಿಸಿ ನೋಡಿದರೆ ಸಿಗುವುದು ಒತ್ತಡ ಕೇಂದ್ರ. ಒತ್ತಡ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಹಿಂದೆ, ಅಂದರೆ ಬಾಲದ ಕಡೆಗೆ ಇದ್ದರೆ, ಓರೆಯಾದ ರಾಕೆಟ್ಟನ್ನು ಗಾಳಿಯೇ ನೆಟ್ಟಗೆ ಮಾಡುತ್ತದೆ. ಮುಂದಿದ್ದರೆ ಅದೇ ಗಾಳಿ ಅದನ್ನು ಇನ್ನಷ್ಟು ಓರೆ ಮಾಡಿ ಮಗುಚಿಹಾಕುತ್ತದೆ. ರಾಕೆಟ್ಟಿಗೆ ರೆಕ್ಕೆ ಕಟ್ಟುವುದು, ಮೂತಿಯಲ್ಲಿ ಭಾರ ತುಂಬುವುದು, ಹಿಂದೆ ಉದ್ದನೆಯ ಕೋಲು ಕಟ್ಟುವುದು, ಈ ಮೂರೂ ಅದೊಂದೇ ಉದ್ದೇಶಕ್ಕಾಗಿ. ದೀಪಾವಳಿಯ ರಾಕೆಟ್ಟಿನ ಕಡ್ಡಿಯನ್ನು ಮುರಿದು ಹಚ್ಚಿದರೆ ಅದು ಅಂಗಳದಲ್ಲೇ ಸುತ್ತಾಡುವುದು ಈ ಕಾರಣಕ್ಕೇ.

ಅಧ್ಯಾಪಕಿ: ಹಾಗಿದ್ದರೆ ಅನಿರೀಕ್ಷಿತ ವಸ್ತುವಿನಿಂದ ರಾಕೆಟ್ ಕಟ್ಟಿದ ಚರಿತ್ರೆಯನ್ನು ಅಮೆರಿಕದಿಂದ ಆರಂಭಿಸಬೇಕಾಗಿಲ್ಲ. ಇಂಗ್ಲೆಂಡಿನ ವುಲಿಚ್‌ನಲ್ಲಿ ಉಳಿದುಬಂದ ಮೈಸೂರು ರಾಕೆಟ್ಟುಗಳ ಎರಡು ಮಾದರಿಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಅವುಗಳಲ್ಲಿ ಒಂದರ ಕಬ್ಬಿಣದ ಕೊಳವೆ ಸುಮಾರು 20 ಸೆಂಟಿಮೀಟರ್ ಉದ್ದ, 3.8 ಸೆಂಟಿಮೀಟರ್ ದಪ್ಪ. ಅದನ್ನು ತೊಗಲಿನ ಪಟ್ಟಿಗಳಿಂದ ಕಟ್ಟಿರುವುದು ಸುಮಾರು 190 ಸೆಂಟಿಮೀಟರ್ ಉದ್ದದ ಬಿದಿರ ಕೋಲಿಗೆ. ಇನ್ನೊಂದರ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದ, 5.8 ಸೆಂಟಿಮೀಟರ್ ದಪ್ಪವಿದ್ದು, ಅದಕ್ಕೆ ಕಟ್ಟಿರುವುದು ಕೋಲಲ್ಲ, ಸುಮಾರು ಒಂದು ಮೀಟರ್ ಉದ್ದದ ನೇರವಾದ ಖಡ್ಗದ ಅಲಗು. ಕೈಯಲ್ಲಿ ಹಿಡಿದು ಹೋರಾಡಬೇಕಾದ ಆಯುಧವನ್ನೇ ರಾಕೆಟ್ಟಿನ ಬಾಲವಾಗಿಸಿದ ಈ ಜೋಡಣೆಗಿಂತ ಅಚ್ಚರಿಯ ವಸ್ತು ಬೇರೆ ಯಾವುದಿದ್ದೀತು?

ಎಂಜಿನಿಯರ್: ಆ ಎರಡು ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಬಿದಿರಿನ ಕೋಲು ತನ್ನ ಕೊಳವೆಯ ಒಂಬತ್ತೂವರೆ ಪಟ್ಟು ಉದ್ದವಿದೆ, ಖಡ್ಗವಾದರೆ ನಾಲ್ಕೇ ಪಟ್ಟು. ಬಿದಿರು ಹಗುರ, ಅದು ಗುರುತ್ವ ಕೇಂದ್ರವನ್ನು ಹೆಚ್ಚು ಹಿಂದಕ್ಕೆ ಎಳೆಯದೆ, ಒತ್ತಡ ಕೇಂದ್ರವನ್ನು ಮಾತ್ರ ದೂರ ಹಿಂದಕ್ಕೆ ಒಯ್ಯುತ್ತದೆ. ಉಕ್ಕು ಭಾರ, ಖಡ್ಗವನ್ನು ಕಟ್ಟಿದಾಗ ಎರಡು ಕೇಂದ್ರಗಳೂ ಒಟ್ಟಿಗೆ ಹಿಂದೆ ಸರಿಯುತ್ತವೆ, ಆದ್ದರಿಂದ ಅವುಗಳ ನಡುವಿನ ಅಂತರ, ಅಂದರೆ ರಾಕೆಟ್ಟಿನ ಸ್ಥಿರತೆ, ಅಷ್ಟಾಗಿ ಬೆಳೆಯುವುದಿಲ್ಲ. ಜೊತೆಗೆ ಅಲಗು ಚಪ್ಪಟೆಯಾದದ್ದು. ಅಗಲದ ಮೈಗೆ ಗಾಳಿ ತಾಗಿದಾಗ ಅದು ರೆಕ್ಕೆಯ ಕೆಲಸ ಮಾಡಿದರೂ ಅಂಚಿಗೆ ತಾಗಿದಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹಾರಾಟದ ನಿಷ್ಕೃಷ್ಟತೆಯೊಂದನ್ನೇ ಗುರಿಯಾಗಿಟ್ಟುಕೊಂಡವರು ಖಡ್ಗವನ್ನು ಆರಿಸುತ್ತಿರಲಿಲ್ಲ.

ಅಧ್ಯಾಪಕಿ: ಅವರ ಗುರಿ ಅದೊಂದೇ ಆಗಿರಲಿಲ್ಲವೆಂಬುದನ್ನು ಯುದ್ಧದ ಬಗೆಯೇ ಹೇಳುತ್ತದೆ. ಮೈಸೂರಿನ ಟೀಪು ಸುಲ್ತಾನನ ಸೈನ್ಯದಲ್ಲಿ ಪ್ರತಿಯೊಂದು ಕುಷೂನಿಗೂ, ಅಂದರೆ ಇಂದಿನ ಬ್ರಿಗೇಡಿಗೆ ಸಮನಾದ ದಳಕ್ಕೂ, ರಾಕೆಟ್ ಹಾರಿಸುವವರ ತುಕಡಿಗಳನ್ನು ಸೇರಿಸಲಾಗಿತ್ತು. ಅವರು ಒಂದೊಂದನ್ನೇ ಗುರಿಯಿಟ್ಟು ಎಸೆಯದೆ, ಒತ್ತಾಗಿ ನಿಂತ ಪದಾತಿಗಳ ಮತ್ತು ಕುದುರೆಗಳ ಮೇಲೆ ಒಮ್ಮೆಲೇ ಹಲವನ್ನು ಬಿಡುತ್ತಿದ್ದರು. ಅಂಥ ಸನ್ನಿವೇಶದಲ್ಲಿ ನೆಲಕ್ಕೆ ತಾಗಿ ಪುಟಿಯುತ್ತ, ಅಲಗನ್ನು ಬೀಸುತ್ತ ಹೊರಳುವ ರಾಕೆಟ್ಟು ನೇರವಾಗಿ ಸಾಗುವ ರಾಕೆಟ್ಟಿಗಿಂತ ಭೀಕರವಾಗಿರುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿಯ ಸೈನ್ಯ ಮೈಸೂರಿನವರಿಗೆ ಸೋತಾಗ, ಅವನ ಮದ್ದಿನ ಬಂಡಿಗಳು ಸಿಡಿದದ್ದಕ್ಕೆ ರಾಕೆಟ್ಟೇ ಕಾರಣವೆಂಬ ಹೇಳಿಕೆ ಬಹುಕಾಲದಿಂದ ಇದೆ. ಆ ಕದನದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆಯ ತೋಪಿನಲ್ಲಿ ರಾಕೆಟ್ಟುಗಳ ಮತ್ತು ಬಂದೂಕುಗಳ ದಾಳಿಗೆ ಸಿಕ್ಕಿ ಕಂಗೆಟ್ಟು ಹಿಂದೆ ಸರಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ.

ಈ ಸೀಮೆಗೂ ಆ ಚರಿತ್ರೆಗೂ ನೇರವಾದ ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಮುಗದಕ್ಕೆ ಸಮೀಪದ ಧಾರವಾಡದ ಕೋಟೆಯನ್ನು ಟೀಪುವಿನ ಪರವಾಗಿ ಬದ್ರುಜ್ಜಮಾನ್ ಖಾನ್ ಕಾಯುತ್ತಿದ್ದನು, ಮತ್ತು ಪರಶುರಾಮ ಭಾವೂವಿನ ಮರಾಠಾ ಸೈನ್ಯವು ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿಯೊಡನೆ ಸುಮಾರು ಆರು ತಿಂಗಳ ಕಾಲ ಮುತ್ತಿಗೆ ಹಾಕಿದ ಮೇಲೆ, 1791ರ ಏಪ್ರಿಲ್ಲಿನಲ್ಲಿ ಕೋಟೆ ಅವರ ವಶವಾಯಿತು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಯುವ ಅಧಿಕಾರಿ ಬರೆದ ವೃತ್ತಾಂತ 1794ರಲ್ಲಿ ಪ್ರಕಟವಾಯಿತು.

ಎಂಜಿನಿಯರ್: ಖಡ್ಗ ಕಣ್ಣಿಗೆ ಬೇಗ ಬೀಳುತ್ತದೆ, ಆದರೆ ಆ ರಾಕೆಟ್ಟಿನ ನಿಜವಾದ ಸಾಧನೆ ಕೊಳವೆಯಲ್ಲಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಮದ್ದು ತೆರೆದ ಗಾಳಿಯಲ್ಲಿ ಒಂದು ವೇಗದಲ್ಲಿ ಉರಿದರೆ, ಮುಚ್ಚಿದ ಕೊಳವೆಯಲ್ಲಿ ಒತ್ತಡ ಏರಿದಂತೆ ಇನ್ನೂ ವೇಗವಾಗಿ ಉರಿಯುತ್ತದೆ. ಹಾಗೆ ಹುಟ್ಟಿದ ಅನಿಲವು ಕಿರಿದಾದ ಕಂಠದ ಮೂಲಕ ಹೊರನುಗ್ಗುವಾಗ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಹೆಚ್ಚಿನ ಒತ್ತಡವನ್ನು ತಾಳುವ ಕೊಳವೆಯಿದ್ದರೆ ಅಷ್ಟೇ ಮದ್ದಿನಿಂದ ಹೆಚ್ಚಿನ ನೂಕುಬಲ ದೊರೆಯುತ್ತದೆ. ಯುರೋಪಿನ ಅಂದಿನ ರಾಕೆಟ್ಟುಗಳ ಹೊರಮೈ ಸಾಮಾನ್ಯವಾಗಿ ಕಾಗದದ್ದು. ಮೈಸೂರಿನದು ಕಬ್ಬಿಣದ್ದು, ಮತ್ತು ಸುಮಾರು ಅರ್ಧ ಕಿಲೊ ಮದ್ದಿನಿಂದ ಅದು 900 ಮೀಟರಿನಷ್ಟು ದೂರ ಹೋಗುತ್ತಿತ್ತು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಳವ್ಯಾಸ 50 ಮಿಲಿಮೀಟರ್ ಇರುವ ಕೊಳವೆಯೊಳಗೆ ವಾತಾವರಣದ 30 ಪಟ್ಟು ಒತ್ತಡ ಹುಟ್ಟಿತೆಂದು ಭಾವಿಸಿದರೆ, 3 ಮಿಲಿಮೀಟರ್ ದಪ್ಪದ ಕಬ್ಬಿಣದ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗಿಸುವ ಎಳೆತ ಸುಮಾರು 25 ಮೆಗಾಪಾಸ್ಕಲ್ ಆಗುತ್ತದೆ. ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರಿನ ಮೇಲೆ ಒಂದು ನ್ಯೂಟನ್ ಬಲ. ಬಡಿದು ಹದಗೊಳಿಸಿದ ಕಬ್ಬಿಣ ಇದರ ಆರೇಳು ಪಟ್ಟನ್ನು ತಾಳಬಲ್ಲದು. ಅದೇ ಜಾಗದಲ್ಲಿ 10 ಮಿಲಿಮೀಟರ್ ದಪ್ಪದ ಬಿದಿರಿನ ಗಳುವನ್ನು ಇಟ್ಟರೆ ಎಳೆತ ಏಳೂವರೆ ಮೆಗಾಪಾಸ್ಕಲ್‌ಗೆ ಇಳಿದರೂ ಗಳು ಉದ್ದುದ್ದ ಸೀಳಿಹೋಗುತ್ತದೆ, ಏಕೆಂದರೆ ಬಿದಿರಿನ ನಾರುಗಳು ಉದ್ದಕ್ಕೆ ಮಲಗಿವೆ. ಉದ್ದದ ದಿಕ್ಕಿನಲ್ಲಿ ಎಳೆದರೆ ಬಿದಿರು ಅಸಾಧಾರಣ ಗಟ್ಟಿ, ಅಡ್ಡಲಾಗಿ ಬಿಡಿಸಿದರೆ ಬಲು ದುರ್ಬಲ. ಥಾಯ್‌ಲೆಂಡಿನ ಈಶಾನ್ಯ ಸೀಮೆಯಲ್ಲೂ ಲಾವೋಸಿನಲ್ಲೂ ಮಳೆಗಾಲದ ಹೊಸ್ತಿಲಲ್ಲಿ ನಡೆಯುವ ಬುನ್ ಬಾಂಗ್ ಫಾಯ್ ಹಬ್ಬದಲ್ಲಿ ಬಿದಿರಿನ ಕೊಳವೆಯಿಂದಲೇ ದೊಡ್ಡ ರಾಕೆಟ್ಟುಗಳನ್ನು ಕಟ್ಟುವ ಸಂಪ್ರದಾಯವಿದೆಯಾದರೂ, ಆ ಕೊಳವೆಯೊಳಗೆ ಕಬ್ಬಿಣ ತಾಳುವಷ್ಟು ಒತ್ತಡವನ್ನು ಏರಿಸುವಂತಿಲ್ಲ. ಮೈಸೂರಿನವರು ಕಬ್ಬಿಣವನ್ನು ಒತ್ತಡಕ್ಕೂ ಬಿದಿರನ್ನು ಉದ್ದಕ್ಕೂ ಹಂಚಿಕೊಟ್ಟದ್ದು ಎಷ್ಟು ಸರಿಯಾದ ಹಂಚಿಕೆಯೆಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಅಧ್ಯಾಪಕಿ: ಹಾಗೆ ಹಂಚಿಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಇತಿಹಾಸ ಇನ್ನೂ ಸರಿಯಾಗಿ ಕೇಳಿಲ್ಲ. ಹೈದರನ ಹೆಸರಿದೆ, ಟೀಪುವಿನ ಹೆಸರಿದೆ. 1804ರಿಂದ ವುಲಿಚ್‌ನಲ್ಲಿ ಪ್ರಯೋಗ ನಡೆಸಿ, 1806ರಲ್ಲಿ ಬೂಲೋನಿನ ಮೇಲೂ 1807ರಲ್ಲಿ ಕೋಪನ್‌ಹೇಗನ್ನಿನ ಮೇಲೂ ಸುರಿದ ರಾಕೆಟ್ಟುಗಳನ್ನು ರೂಪಿಸಿದ ವಿಲಿಯಂ ಕಾಂಗ್ರೀವ್‌ನ ಹೆಸರಿದೆ. ಕೊಳವೆಯನ್ನು ಬಡಿದ ಕಮ್ಮಾರನ, ತೊಗಲಿನ ಪಟ್ಟಿಯನ್ನು ಹದ ಮಾಡಿ ಬಿಗಿದವನ, ಮದ್ದನ್ನು ಅರೆದವನ ಹೆಸರು ಒಂದೂ ಇಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳ ಕಬ್ಬಿಣದ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಆ ಕುಲುಮೆಗಳಿಲ್ಲದೆ ಯಾವ ಸುಲ್ತಾನನ ಆಜ್ಞೆಯಿಂದಲೂ ರಾಕೆಟ್ಟು ಹುಟ್ಟುತ್ತಿರಲಿಲ್ಲ.

ಎಂಜಿನಿಯರ್: ಈ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ, ಮೇಡಂ. ಕುಲುಮೆಗಳು ದೇಶದ ಬೇರೆ ಕಡೆಗಳಲ್ಲೂ ಇದ್ದವು, ಬಾಣಬಿರುಸುಗಳೂ ಇದ್ದವು. ಮರಾಠರ ಮತ್ತು ಮೊಗಲರ ಸೈನ್ಯಗಳಲ್ಲೂ ರಾಕೆಟ್ಟುಗಳಿದ್ದವು. ಒಂದೇ ಅಳತೆಯ ಕೊಳವೆಗಳನ್ನು ಸಾವಿರಗಟ್ಟಲೆ ಮಾಡಿಸಿ, ಅವುಗಳನ್ನು ಹಾರಿಸಲು ಜನರನ್ನು ತರಬೇತುಗೊಳಿಸಿ, ದಳದಳಕ್ಕೂ ಹಂಚುವ ಏರ್ಪಾಟು ಅರಸೊತ್ತಿಗೆಯಿಂದ ಮಾತ್ರ ಆಗಬಹುದಾದದ್ದು. ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದಾಗ ಅಲ್ಲಿ 600 ಉಡಾವಣಾ ಸಾಧನಗಳೂ, ಬಳಕೆಗೆ ಸಿದ್ಧವಾದ 700 ರಾಕೆಟ್ಟುಗಳೂ, 9,000 ಖಾಲಿ ಕೊಳವೆಗಳೂ ಸಿಕ್ಕವೆಂಬ ಲೆಕ್ಕವಿದೆ. ಒಬ್ಬ ಕಮ್ಮಾರನ ಜಾಣ್ಮೆ 9,000 ಕೊಳವೆಗಳಾಗುವುದಕ್ಕೆ ಕಾರ್ಖಾನೆಯೊಂದರ ಶಿಸ್ತು ಬೇಕು.

ಅಧ್ಯಾಪಕಿ: ಶಿಸ್ತು ಬೇಕೆಂಬುದು ನಿಜ, ಆದರೆ ಶಿಸ್ತಿಗೆ ಮೊದಲು ಮಾದರಿ ಬೇಕು, ಮತ್ತು ಮಾದರಿ ಹುಟ್ಟುವುದು ಕೈಯಲ್ಲಿ. ಈ ವಾದವನ್ನು ಮಾತಿನಿಂದ ತೀರ್ಮಾನಿಸುವ ಅಗತ್ಯವೂ ಇಲ್ಲ, ಏಕೆಂದರೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಕೆಳದಿಯ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರನು ಅದನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟನು. ಅಲ್ಲಿನ ಪಾಳುಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು, ಆದರೆ ಅವು ರಾಕೆಟ್ಟುಗಳೆಂದು ಗುರುತಾಗುವುದಕ್ಕೆ ಕೆಲವು ವರ್ಷಗಳೇ ಬೇಕಾದವು. 2018ರ ಜುಲೈ ತಿಂಗಳಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ನಗರದಲ್ಲಿ ಬಾವಿಯನ್ನು ಅಗೆಸಿದಾಗ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ರಾಶಿಯಾಗಿ ಹೊರಬಂದವು. ಅವುಗಳ ಉದ್ದ 23ರಿಂದ 26 ಸೆಂಟಿಮೀಟರ್ ಎಂದು ಇಲಾಖೆಯ ಅಧಿಕಾರಿ ಆರ್. ಶೇಜೇಶ್ವರ ನಾಯಕ ಅವರು ತಿಳಿಸಿದರು, ಒಣಬಾವಿಯ ಮಣ್ಣಿನಲ್ಲಿ ಆಗಲೂ ಮದ್ದಿನ ವಾಸನೆಯಿತ್ತೆಂದು ವರದಿಯಾಯಿತು. ಅವುಗಳನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ತರಲಾಯಿತು. ವುಲಿಚ್‌ನ ಎರಡು ಮಾದರಿಗಳನ್ನು ಆಧರಿಸಿ ಲೋಕವೆಲ್ಲ ಮಾತಾಡುತ್ತಿದ್ದ ವಿಷಯಕ್ಕೆ ಒಮ್ಮೆಲೇ ಸಾವಿರ ಮಾದರಿಗಳು ದೊರೆತವು, ಮತ್ತು ಅವು ದೊರೆತದ್ದು ಮಲೆನಾಡಿನಲ್ಲಿ.

ಎಂಜಿನಿಯರ್: ಆ ಸಾವಿರ ಕೊಳವೆಗಳ ಉದ್ದದಲ್ಲಿ 3 ಸೆಂಟಿಮೀಟರಿನಷ್ಟೇ ವ್ಯತ್ಯಾಸವಿರುವುದು ಗಮನಿಸಬೇಕಾದ ಸಂಗತಿ, ಅಚ್ಚಿಲ್ಲದೆ ಕೈಯಿಂದ ಸುತ್ತಿ ಬಡಿದ ತಗಡಿನಲ್ಲಿ ಇದು ಸಣ್ಣ ನಿಯಂತ್ರಣವಲ್ಲ. ಆದರೆ ಉದ್ದಕ್ಕಿಂತ ಮುಖ್ಯವಾದ ಅಳತೆಗಳು ಬೇರೆಯಿವೆ. ಗೋಡೆಯ ದಪ್ಪವೆಷ್ಟು, ಬೆಸುಗೆಯ ಅಂಚುಗಳು ಹೇಗೆ ಕೂಡಿವೆ, ಕಂಠದ ರಂಧ್ರದ ವ್ಯಾಸವು ಎಲ್ಲದರಲ್ಲೂ ಒಂದೇ ಆಗಿದೆಯೇ, ಮದ್ದಿನ ನಡುವೆ ಟೊಳ್ಳು ಬಿಟ್ಟು ತುಂಬಿದ್ದಾರೆಯೇ ಅಥವಾ ಗಟ್ಟಿಯಾಗಿ ತುಂಬಿದ್ದಾರೆಯೇ? ಈ ಕೊನೆಯ ಪ್ರಶ್ನೆ ಬಹಳ ದೊಡ್ಡದು, ಏಕೆಂದರೆ ಟೊಳ್ಳಿದ್ದರೆ ಮದ್ದು ಒಳಮೈಯೆಲ್ಲ ಒಟ್ಟಿಗೆ ಉರಿದು ಕ್ಷಣದಲ್ಲಿ ಭಾರಿ ನೂಕುಬಲ ಹುಟ್ಟುತ್ತದೆ, ಇಲ್ಲದಿದ್ದರೆ ತುದಿಯಿಂದ ತುದಿಗೆ ನಿಧಾನವಾಗಿ ಉರಿಯುತ್ತದೆ. ಕೊಳವೆಯನ್ನು ಕತ್ತರಿಸದೆ ಕ್ಷಕಿರಣದ ಪದರಚಿತ್ರಗಳಿಂದ, ಅಂದರೆ ಆಸ್ಪತ್ರೆಗಳಲ್ಲಿ ಸಿ.ಟಿ. ಸ್ಕ್ಯಾನ್ ಎಂದು ಕರೆಯುವ ವಿಧಾನದಿಂದ, ಇವನ್ನೆಲ್ಲ ಕಾಣಬಹುದು. ನೂರು ಕೊಳವೆಗಳ ಕಂಠದ ವ್ಯಾಸವನ್ನು ಅಳೆದು ಒಂದು ಕೋಷ್ಟಕ ಮಾಡಿದರೆ, ಕಮ್ಮಾರನ ಕೈಯೋ ಕಾರ್ಖಾನೆಯ ಅಳತೆಗೋಲೋ ಎಂಬ ಮೇಲಿನ ವಾದಕ್ಕೆ ಅದೇ ಉತ್ತರ ಕೊಟ್ಟೀತು.

ಅಧ್ಯಾಪಕಿ: ಅಂಥ ಕೋಷ್ಟಕ ಹೊರಬಂದರೆ ಹತ್ತು ಅಭಿಮಾನದ ಭಾಷಣಗಳಿಗಿಂತ ಬೆಲೆಯುಳ್ಳದ್ದಾಗುತ್ತದೆ. ಅಬ್ದುಲ್ ಕಲಾಂ ಅವರು 1963ರಲ್ಲಿ ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರದಲ್ಲಿ ಟೀಪುವಿನ ರಾಕೆಟ್ ಪಡೆಯ ವರ್ಣಚಿತ್ರವನ್ನು ಕಂಡು ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ, ಮತ್ತು ಆ ಪ್ರಸಂಗವನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ನಗರದ ಬಾವಿಯ ಹೆಸರನ್ನು ಹೇಳುವವರು ಕಡಿಮೆ. ಇನ್ನು ಕಣಜದ ವಿಷಯಕ್ಕೆ ಬರಬೇಕು. ಖಡ್ಗದಿಂದ ಕಲಿತ ಪಾಠ ಕಣಜಕ್ಕೆ ಹೇಗೆ ಅನ್ವಯಿಸುತ್ತದೆ?

ಎಂಜಿನಿಯರ್: ಒಂದು ಮೀಟರ್ ವ್ಯಾಸ, ಒಂದೂವರೆ ಮೀಟರ್ ಎತ್ತರದ ಕಣಜವನ್ನು ತೆಗೆದುಕೊಂಡು, ಮೇಲೆ ಬಿದಿರಿನದೇ ಶಂಕುವಿನ ಮುಚ್ಚಳ, ಕೆಳಗೆ ಪ್ಲೈವುಡ್ಡಿನ ರೆಕ್ಕೆಗಳು, ನಡುವೆ ಮೋಟಾರನ್ನು ಹಿಡಿಯುವ ಫೈಬರ್‌ಗ್ಲಾಸ್ ಕೊಳವೆ, ಪ್ಯಾರಾಚೂಟು ಎಲ್ಲ ಸೇರಿ 40 ಕಿಲೊ ಆಗುತ್ತದೆಂದು ಇಟ್ಟುಕೊಳ್ಳಬಹುದು. ಹೊರಡುವಾಗ ನೂಕುಬಲವು ತೂಕದ ಐದು ಪಟ್ಟಾದರೂ ಇರಬೇಕೆಂಬುದು ಹವ್ಯಾಸಿಗಳ ರೂಢಿಯ ಸೂತ್ರ. ಅದರಂತೆ ಸುಮಾರು 2,000 ನ್ಯೂಟನ್ ಬೇಕು. ಮೂರು ಸೆಕೆಂಡ್ ಉರಿದರೆ ಒಟ್ಟು ಆವೇಗ 6,000 ನ್ಯೂಟನ್-ಸೆಕೆಂಡ್, ಅಂದರೆ ಎಂ ವರ್ಗದ ಮೋಟಾರು. ಅಮೋನಿಯಂ ಪರ್ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಬೆರೆಸಿದ ಇಂದಿನ ನೋದಕ, ಅಂದರೆ ರಾಕೆಟ್ಟನ್ನು ನೂಕುವ ಘನ ಇಂಧನ, ಇದಕ್ಕೆ ಮೂರು ಕಿಲೊ ಸಾಕು; ಮೈಸೂರಿನ ಕಾಲದ ಮದ್ದಾಗಿದ್ದರೆ ಏಳೆಂಟು ಕಿಲೊ ಬೇಕಾಗುತ್ತಿತ್ತು.

ಗಾಳಿಯೇ ಇಲ್ಲದ ಲೋಕದಲ್ಲಿ ಈ ಕಣಜ ಸುಮಾರು 900 ಮೀಟರ್ ಏರುತ್ತದೆ. ಗಾಳಿಯ ಎಳೆತವನ್ನು ಸೇರಿಸಿ ಲೆಕ್ಕ ಹಾಕಿದರೆ ಏರುವುದು 200 ಮೀಟರ್ ಮಾತ್ರ. ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಅಗಲವಾದ ಈ ಮೈ ಸೆಕೆಂಡಿಗೆ 60 ಮೀಟರಿನಷ್ಟು ವೇಗ ತಲುಪುವಷ್ಟರಲ್ಲಿ ನೂಕುಬಲವೆಲ್ಲ ಬಹುತೇಕ ಗಾಳಿಯನ್ನು ಸೀಳುವುದರಲ್ಲೇ ತೀರಿಹೋಗುತ್ತದೆ. ಮೋಟಾರನ್ನು ಎರಡರಷ್ಟು ದೊಡ್ಡದು ಮಾಡಿದರೂ ಎತ್ತರ ಎರಡರಷ್ಟಾಗುವುದಿಲ್ಲ. ಆದರೆ 200 ಮೀಟರ್ ಕಡಿಮೆಯಲ್ಲ, ಮತ್ತು ನೋಡುವವರ ಕಣ್ಣಿಗೆ ಕಣಜ ಕಣಜವಾಗಿಯೇ ಕಾಣುವಷ್ಟು ಹತ್ತಿರದ ಹಾರಾಟವೇ ಇಂಥ ವಸ್ತುವಿಗೆ ಒಪ್ಪುವಂಥದ್ದು.

ಅಧ್ಯಾಪಕಿ: ಹೆಣೆದ ಬಿದಿರು ಆ ಬಲವನ್ನು ತಾಳುತ್ತದೆಯೇ? ಬಿದಿರಿನ ಕೊಳವೆ ಸೀಳುತ್ತದೆಂದು ಈಗಷ್ಟೇ ಹೇಳಿದಿರಿ.

ಎಂಜಿನಿಯರ್: ಕಣಜವನ್ನು ಆರಿಸಿದ್ದು ಸಾರ್ಥಕವೆನಿಸುವುದು ಈ ಪ್ರಶ್ನೆಗೆ ಸಿಗುವ ಉತ್ತರದಿಂದಲೇ. ಕಣಜದೊಳಗೆ ತುಂಬಿದ ಭತ್ತವು ಗೋಡೆಯನ್ನು ಹೊರಕ್ಕೆ ಒತ್ತುತ್ತದೆ, ಅಂದರೆ ರಾಕೆಟ್ಟಿನ ಕೊಳವೆಯೊಳಗಿನ ಅನಿಲ ಮಾಡುವ ಕೆಲಸವನ್ನೇ ನಿಧಾನವಾಗಿ ಮಾಡುತ್ತದೆ. ಮೇದಾರರು ಬಿದಿರನ್ನು ಸೀಳಿ, ಆ ಸೀಳುಗಳನ್ನು ಸುತ್ತಳತೆಗೆ ಬಳಸಿ ಹೆಣೆಯುತ್ತಾರೆ; ಹಾಗೆ ಮಾಡಿದಾಗ ಹೊರಮುಖದ ಒತ್ತಡವೆಲ್ಲ ನಾರಿನ ಉದ್ದಕ್ಕೆ ಎಳೆತವಾಗಿ ಬೀಳುತ್ತದೆ, ಬಿದಿರು ಅತ್ಯಂತ ಗಟ್ಟಿಯಾಗಿರುವುದು ಅದೇ ದಿಕ್ಕಿನಲ್ಲಿ. ಗಳುವಿನಲ್ಲಿ ತಪ್ಪು ದಿಕ್ಕಿಗೆ ಮಲಗಿದ್ದ ನಾರನ್ನು ಹೆಣಿಗೆಯು ಸರಿಯಾದ ದಿಕ್ಕಿಗೆ ತಿರುಗಿಸಿದೆ. ಇಂದಿನ ದೊಡ್ಡ ರಾಕೆಟ್ಟುಗಳ ಕೆಲವು ಮೋಟಾರುಗಳ ಹೊರಮೈಯನ್ನು ಇಂಗಾಲದ ಎಳೆಗಳಿಂದ ಸುತ್ತುಸುತ್ತಾಗಿ ಸುತ್ತಿ ಮಾಡುವುದರ ಹಿಂದಿರುವುದೂ ಇದೇ ತತ್ವ.

ಆದರೆ ಹಾರಾಟದಲ್ಲಿ ಕಣಜದ ಮೇಲೆ ಬೀಳುವ ಬಲ ಬೇರೆ ಬಗೆಯದು. ಒಳಗಿನಿಂದ ಹೊರಕ್ಕಲ್ಲ, ಮೇಲಿನಿಂದ ಕೆಳಕ್ಕೆ, ಸುಮಾರು 140 ಕಿಲೊ ಭಾರವನ್ನು ಮುಚ್ಚಳದ ಮೇಲೆ ಹೇರಿದಂತೆ ಗಾಳಿ ಒತ್ತುತ್ತದೆ. ಹೆಣಿಗೆಯ ಗೋಡೆ ಹೀಗೆ ಕುಗ್ಗಿಸುವ ಬಲವನ್ನು ತಾಳುವಂತೆ ಮಾಡಿದ್ದಲ್ಲ, ಅದು ಮಡಚಿಕೊಳ್ಳುತ್ತದೆ. ಆದ್ದರಿಂದ ನಡುವಿನ ಫೈಬರ್‌ಗ್ಲಾಸ್ ಕೊಳವೆಯೇ ಮುಚ್ಚಳದಿಂದ ಮೋಟಾರಿನವರೆಗೆ ಬೆನ್ನೆಲುಬಾಗಿ ನಿಂತು, ನೂಕುಬಲವನ್ನೂ ಗಾಳಿಯ ಭಾರವನ್ನೂ ತಾನೇ ಹೊರಬೇಕು, ಮತ್ತು ಕಣಜವನ್ನು ಮೂರು ಪ್ಲೈವುಡ್ ಬಳೆಗಳ ಮೂಲಕ ಅದಕ್ಕೆ ತೂಗುಹಾಕಬೇಕು. ಸೆಗಣಿಯ ಲೇಪನ ಕಂಪನಕ್ಕೆ ಉದುರುವುದರಿಂದ ಅದರ ಜಾಗದಲ್ಲಿ ತೆಳುವಾದ ಬಟ್ಟೆಯನ್ನು ಅಂಟಿನಿಂದ ಹೊದಿಸಬೇಕಾದೀತು.

ಅಧ್ಯಾಪಕಿ: ಸ್ಥಿರತೆಯ ಪ್ರಶ್ನೆ ಉಳಿಯಿತು. ಇಷ್ಟು ಗಿಡ್ಡ ವಸ್ತುವಿಗೆ ಕೋಲೂ ಇಲ್ಲ, ಖಡ್ಗವೂ ಇಲ್ಲ.

ಎಂಜಿನಿಯರ್: ತೆಳ್ಳನೆಯ ರಾಕೆಟ್ಟುಗಳ ಒತ್ತಡ ಕೇಂದ್ರವನ್ನು ಲೆಕ್ಕ ಹಾಕಲು 1960ರ ದಶಕದಲ್ಲಿ ಜೇಮ್ಸ್ ಬ್ಯಾರೋಮನ್ ರೂಪಿಸಿದ ಸಮೀಕರಣಗಳು ಇಂದಿಗೂ ಬಳಕೆಯಲ್ಲಿವೆ, ಆದರೆ ಅವು ಇಂಥ ಗಿಡ್ಡ ದಪ್ಪ ಮೈಗೆ ಸರಿಹೊಂದುವುದಿಲ್ಲ. ಅಗಲವಾದ ಚಪ್ಪಟೆ ತಳದ ಹಿಂದೆ ಗಾಳಿ ತೆಳುವಾಗಿ ಹೀರುವಿಕೆ ಉಂಟಾಗುತ್ತದೆ, ಮತ್ತು ಅದು ಹಿಂದಿನಿಂದ ಹಗ್ಗ ಹಿಡಿದು ಎಳೆದಂತೆ ವಸ್ತುವನ್ನು ನೆಟ್ಟಗಿರಿಸಲು ನೆರವಾಗುತ್ತದೆ. ಹವ್ಯಾಸಿಗಳು ಇದನ್ನು ಲೆಕ್ಕಕ್ಕೆ ತರಲು, ತಳದ ಹಿಂದೆ ವ್ಯಾಸದ ಪೈ ಪಟ್ಟು ಉದ್ದದ, ತೂಕವಿಲ್ಲದ ಕಾಲ್ಪನಿಕ ಶಂಕುವೊಂದನ್ನು ಸೇರಿಸುತ್ತಾರೆ. ಕಣಜಕ್ಕೆ ಅದು ಮೂರು ಮೀಟರಿಗೂ ಉದ್ದವಾಗುತ್ತದೆ. ಹೀಗಾಗಿ ಕಣ್ಣಿಗೆ ಕಾಣದ ಬಿದಿರ ಕೋಲೊಂದು ಅದಕ್ಕೆ ತಾನಾಗಿಯೇ ಇದೆ. ಮೂತಿಯಲ್ಲಿ ಒಂದಿಷ್ಟು ಭಾರ ತುಂಬಿದರೆ ಉಳಿದದ್ದು ಸರಿಹೋಗುತ್ತದೆ. ಗಾಳಿ ಹಿಡಿತ ಸಾಧಿಸುವಷ್ಟು ವೇಗ, ಅಂದರೆ ಸೆಕೆಂಡಿಗೆ 15 ಮೀಟರ್, ಬರುವವರೆಗೆ ಮಾತ್ರ ಅದನ್ನು ಹಳಿಯೊಂದು ನಡೆಸಬೇಕು. ಮೂರು ಮೀಟರಿನ ಹಳಿ ಲೆಕ್ಕಕ್ಕೆ ಸಾಕಾದರೂ ನಾಲ್ಕು ಮೀಟರಿನದು ಇರುವುದು ಒಳ್ಳೆಯದು.

ಹೊರಟ ಆರೂವರೆ ಸೆಕೆಂಡಿಗೆ ಅದು ತುದಿ ಮುಟ್ಟುತ್ತದೆ. ಆ ಕ್ಷಣವನ್ನು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಪುಟ್ಟ ಎಲೆಕ್ಟ್ರಾನಿಕ್ ಸಾಧನವು ಗುರುತಿಸಿ, ಸುಮಾರು 4 ಮೀಟರ್ ವ್ಯಾಸದ ಪ್ಯಾರಾಚೂಟನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಕಣಜವು ಗಂಟೆಗೆ 100 ಕಿಲೊಮೀಟರಿಗೂ ಮೀರಿದ ವೇಗದಲ್ಲಿ ನೆಲಕ್ಕಪ್ಪಳಿಸುತ್ತದೆ, ಆದ್ದರಿಂದ ಒಂದು ಸಾಧನ ಕೈಕೊಟ್ಟರೂ ಕೆಲಸ ನಡೆಯುವಂತೆ ಎರಡನ್ನು ಬೇರೆಬೇರೆ ಬ್ಯಾಟರಿಗಳೊಡನೆ ಇಡುವುದು ಕಡ್ಡಾಯವೆಂದೇ ತಿಳಿಯಬೇಕು.

ಅಧ್ಯಾಪಕಿ: ಇದೆಲ್ಲ ಕಾಗದದ ಮೇಲೆ. ಮುಗದದ ಹೊಲದಿಂದ ಹಾರಿಸುವ ಮಾತು ಸಾಧ್ಯವೇ? ಸುಗ್ಗಿಯ ಹೊತ್ತಿಗೆ ಹೊಲಗಳು ಬಯಲಾಗಿರುತ್ತವೆ ನಿಜ, ಆದರೆ ಬಣವೆಗಳೂ ಒಟ್ಟಿರುತ್ತವೆ. ಒಂದು ಕಿಡಿ ತಾಗಿದರೆ ವರ್ಷದ ಮೇವು ಹೋಗುತ್ತದೆ.

ಎಂಜಿನಿಯರ್: ಇಂದಿನ ಸ್ಥಿತಿಯಲ್ಲಿ ಮುಗದದಿಂದ ಹಾರಿಸುವಂತಿಲ್ಲ, ಹಾರಿಸಲೂ ಬಾರದು. 1884ರ ಸ್ಫೋಟಕಗಳ ಅಧಿನಿಯಮ ಮತ್ತು 2008ರ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಇಂಥ ನೋದಕವನ್ನು ತಯಾರಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಹುಬ್ಬಳ್ಳಿಯ ವಿಮಾನನಿಲ್ದಾಣ ದೂರವಿಲ್ಲವಾದ್ದರಿಂದ ವಾಯುಮಾರ್ಗದ ಅನುಮತಿಯೂ ಬೇಕು. ಮನೆಯಲ್ಲಿ ಮದ್ದು ಅರೆದು ಪ್ರಯತ್ನಿಸುವವರು ಕೈ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಜೀವವನ್ನೂ. ಮಣಿಪಾಲದ ತಾಂತ್ರಿಕ ಸಂಸ್ಥೆಯ ಥ್ರಸ್ಟ್‌ಎಂಐಟಿ ಎಂಬ ವಿದ್ಯಾರ್ಥಿ ತಂಡವು ತನ್ನ ರಾಕೆಟ್ಟುಗಳನ್ನು ನ್ಯೂ ಮೆಕ್ಸಿಕೊದಲ್ಲಿ ನಡೆಯುತ್ತಿದ್ದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಗೆ ಒಯ್ದದ್ದುಂಟು. ಕರಾವಳಿಯ ಹುಡುಗ ಹುಡುಗಿಯರು ಕಟ್ಟಿದ ರಾಕೆಟ್ಟಿಗೆ ಅಷ್ಟು ದೂರದ ಮರುಭೂಮಿಯಲ್ಲಿ ನೆಲೆ ದೊರೆಯುತ್ತದೆಯಾದರೆ, ಕರ್ನಾಟಕದ ಬಯಲುಸೀಮೆಯ ಯಾವುದಾದರೂ ಬರಡು ಭೂಮಿಯಲ್ಲಿ, ಸರ್ಕಾರದ ಮೇಲ್ವಿಚಾರಣೆಯಲ್ಲಿ, ವಿದ್ಯಾರ್ಥಿಗಳಿಗಾಗಿ ಒಂದು ಉಡಾವಣಾ ಮೈದಾನ ಏಕಿರಬಾರದೆಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅಂಥ ಮೈದಾನ ಬಂದರೆ ಅಲ್ಲಿ ಮೊದಲು ಹಾರಬೇಕಾದದ್ದು ಕಣಜವೂ ಅಲ್ಲ. ನಗರದ ಕೊಳವೆಗಳ ಅಳತೆಗೆ ಸರಿಯಾಗಿ ಮಾಡಿದ ಹೊಸ ಕಬ್ಬಿಣದ ಕೊಳವೆಯನ್ನು ಒಂದು ಬಾರಿ ಬಿದಿರಿಗೂ ಒಂದು ಬಾರಿ ಖಡ್ಗಕ್ಕೂ ಕಟ್ಟಿ, ಎರಡರ ಹಾರಾಟವನ್ನು ಅಳೆಯಬೇಕು.

ಅಧ್ಯಾಪಕಿ: ಹಾಗಾದರೆ ಖಡ್ಗವನ್ನು ಕುರಿತು ಈಗ ಆಡಿದ ಮಾತುಗಳೆಲ್ಲ ಪರೀಕ್ಷೆಗೆ ಒಳಗಾಗುತ್ತವೆ, ಅವು ಸುಳ್ಳಾಗಲೂಬಹುದು.

ಎಂಜಿನಿಯರ್: ಸುಳ್ಳಾದರೆ ಆ ಖಡ್ಗವನ್ನು ಆರಿಸಿದವನಿಗೆ ಗೊತ್ತಿದ್ದ ಒಂದು ಸಂಗತಿ ಹೊಸದಾಗಿ ತಿಳಿದಂತಾಯಿತು. ಅಲ್ಲಿಯವರೆಗೆ ಮದ್ದಿಲ್ಲದೆ, ಪರವಾನಗಿಯಿಲ್ಲದೆ ಮಾಡಬಹುದಾದ ಕೆಲಸ ಸಾಕಷ್ಟಿದೆ. ಮೇದಾರರಿಂದ ಒಂದು ಹೊಸ ಕಣಜವನ್ನು ಹೆಣೆಸಬೇಕು, ಸೀಳಿನ ಅಗಲವನ್ನೂ ಸುತ್ತುಗಳನ್ನೂ ಅವರು ಹೇಗೆ ನಿರ್ಧರಿಸುತ್ತಾರೆಂದು ಕೇಳಿ ಬರೆದಿಡಬೇಕು. ಅದರ ಮುಚ್ಚಳದ ಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಇಡುತ್ತ, ಎಷ್ಟು ಭಾರಕ್ಕೆ, ಯಾವ ಸುತ್ತಿನಲ್ಲಿ ಹೆಣಿಗೆ ಮೊದಲು ಮಡಚುತ್ತದೆಂದು ಗುರುತು ಹಾಕಬೇಕು. ಬಳಿಕ ಅದನ್ನು ದುರಸ್ತಿ ಮಾಡಿ, ಹಗ್ಗದಿಂದ ಅಡ್ಡಲಾಗಿ ತೂಗುಹಾಕಿ, ಗುರುತ್ವ ಕೇಂದ್ರವನ್ನು ಸುಣ್ಣದ ಗೆರೆಯಿಂದ ತೋರಿಸಬೇಕು.

ಅಧ್ಯಾಪಕಿ: ಹೆಣೆದವರ ಹೆಸರನ್ನೂ ಆ ದಾಖಲೆಯ ಮೊದಲ ಸಾಲಿನಲ್ಲೇ ಬರೆಯಬೇಕು.